ತಂತಿಯಿಲ್ಲದ ಬೈರಿಗೆ

ಹಿಂದೆ ಗೋಡೆಗೆ ಒಂದು ಗೂಟವನ್ನು ಹೊಡೆಯಬೇಕಾದರೂ ಬಡಗಿಯನ್ನು ಕರೆಯಿಸಬೇಕಾಗಿತ್ತು. ಅವನು ನಾಳೆ ಬರುವೆನೆಂದು ಹೇಳಿ ನಾಲ್ಕು ದಿನ ಕಳೆದು ಬರುವನು. ಈಗಲಾದರೋ ಬ್ಯಾಟರಿಯಿಂದ ತಿರುಗುವ ಬೈರಿಗೆಯೊಂದು ಅನೇಕ ಮನೆಗಳ ಕಪಾಟಿನಲ್ಲಿ ಬಂದು ಕುಳಿತಿದೆ. ಬಾಗಿಲಿನ ತಿರುಪುಮೊಳೆ ಸಡಿಲವಾದರೆ ಯಾರ ದಾರಿಯನ್ನೂ ಕಾಯಬೇಕಾದುದಿಲ್ಲ. ಇದು ದೊಡ್ಡ ಅನುಕೂಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ತಂತಿಯಿಲ್ಲದ ಯಂತ್ರವೆಂದರೆ ಅಪಾಯವಿಲ್ಲದ ಯಂತ್ರವೆಂದು ಯಾರೂ ತಿಳಿಯಕೂಡದು. ನಾನು ಹಾಗೆ ತಿಳಿದು ಕೆಟ್ಟವನು.

ಕಳೆದ ವರ್ಷ ನಮ್ಮ ತಾಯಿಯವರ ಭಾವಚಿತ್ರವನ್ನು ನಡುಮನೆಯಲ್ಲಿ ತೂಗುಹಾಕಲು ಹೊರಟೆನು. ಸ್ವಿಚ್ಚಿನ ಹಲಗೆಯ ನೇರಕ್ಕೆ, ಮೇಲುಗಡೆ, ಒಳ್ಳೆಯ ಸ್ಥಳವಿದ್ದಿತು. “ಮೊದಲು ಮೈನನ್ನು ಆರಿಸಿಬಿಡಿ” ಎಂದಳು ನನ್ನ ಹೆಂಡತಿ. “ಇದಕ್ಕೆ ತಂತಿಯೇ ಇಲ್ಲವಲ್ಲ!” ಎಂದು ನಾನು ನಕ್ಕೆನು. ಬೈರಿಗೆ ಎರಡು ಅಂಗುಲ ಒಳಗೆ ಹೋಗುವಷ್ಟರಲ್ಲಿ ‘ಫಟ್’ ಎಂದು ಕಿಡಿ ಹಾರಿ ಮನೆಯೆಲ್ಲಾ ಕತ್ತಲಾಯಿತು. ಬೈರಿಗೆಗೆ ತಂತಿಯಿರಲಿಲ್ಲ, ನಿಜ. ಆದರೆ ಗೋಡೆಯೊಳಗೆ ಇದ್ದಿತು! ಕೈಗಳೆರಡೂ ಪ್ಲಾಸ್ಟಿಕ್ ಹಿಡಿಯ ಮೇಲಿದ್ದುದರಿಂದ ಬದುಕಿಕೊಂಡೆನು. ಒಂದು ಗಳಿಗೆಯ ಮುಂಚೆ, ಮೊನೆಯು ಜಾರದಿರಲೆಂದು, ಅದರ ಬುಡದ ಲೋಹವನ್ನೇ ಎಡಗೈಯಿಂದ ಹಿಡಿದಿದ್ದೆನು. ಅದನ್ನು ನೆನೆದರೆ ಈಗಲೂ ಮೈ ನಡುಗುವುದು.

ಈ ಉಪಕರಣದ ಚರಿತ್ರೆಯು ಸ್ವಾರಸ್ಯವಾದುದು. ವಿದ್ಯುಚ್ಛಕ್ತಿಯಿಂದ ತಿರುಗುವ ಕೈಬೈರಿಗೆಯನ್ನು ಜರ್ಮನಿಯ ಫೈನ್ ಕಂಪನಿಯವರು 1895ರಲ್ಲಿ ಮಾಡಿದರು. ಬ್ಯಾಟರಿಯ ಬೈರಿಗೆಯನ್ನು ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿಯವರು 1961ರಲ್ಲಿ ಹೊರತಂದರು. 1971ರಲ್ಲಿ ಅಪೋಲೋ 15ರ ಯಾತ್ರಿಕರು ಚಂದ್ರನ ನೆಲವನ್ನು ಕೊರೆದುದೂ ಬ್ಯಾಟರಿಯ ಬೈರಿಗೆಯಿಂದಲೇ. ಆಗಿನ ನಿಕಲ್–ಕ್ಯಾಡ್ಮಿಯಮ್ ಬ್ಯಾಟರಿಗಳ ಸ್ಥಾನದಲ್ಲಿ ಈಗ ಹೆಚ್ಚಾಗಿ ಲಿಥಿಯಮ್–ಅಯಾನ್ ಬ್ಯಾಟರಿಗಳು ಬಂದಿವೆ. 3.6 ವೋಲ್ಟಿನ ಐದು ಕೋಶಗಳನ್ನು ಒಂದರ ಹಿಂದೊಂದು ಜೋಡಿಸಿದರೆ 18 ವೋಲ್ಟಿನ ಬ್ಯಾಟರಿಯಾಗುವುದು. ಅಂಗೈಯಗಲದ ಪೆಟ್ಟಿಗೆಯಲ್ಲಿ ಅಷ್ಟು ಶಕ್ತಿಯನ್ನು ತುಂಬಿಟ್ಟಿರುವುದರಿಂದಲೇ ಅದನ್ನು ಆದರದಿಂದ ಕಾಣಬೇಕು.

ಮೊದಲು ಕೆಲಸದ ಸಮಯದ ಎಚ್ಚರಿಕೆಗಳನ್ನು ಹೇಳುವೆನು. ಗೋಡೆಯೊಳಗಿನ ತಂತಿಗಳು ಸಾಮಾನ್ಯವಾಗಿ ಸ್ವಿಚ್ಚಿನ ಹಲಗೆಯಿಂದ ನೇರವಾಗಿ ಮೇಲಕ್ಕೋ ಕೆಳಕ್ಕೋ ಪಕ್ಕಕ್ಕೋ ಹೋಗುತ್ತವೆ. ಆ ಸಾಲಿನಲ್ಲಿ ಕೊರೆಯಕೂಡದು. ಬಚ್ಚಲುಮನೆ, ಅಡಿಗೆಮನೆಗಳ ಗೋಡೆಗಳಲ್ಲಿ ನೀರಿನ ಕೊಳವೆಗಳೂ ಇರುವುವು. ಸಂದೇಹವಿದ್ದಲ್ಲಿ ಮೈನನ್ನು ಆರಿಸಿ, ಮನೆಯಲ್ಲಿ ಇನ್‌ವರ್ಟರ್ ಇದ್ದರೆ ಅದನ್ನೂ ಮರೆಯದೆ ಆರಿಸತಕ್ಕದ್ದು. ಮನೆಯ ವಿದ್ಯುತ್ತು ನಿಂತರೂ ತಿರುಗುವುದೇ ಈ ಯಂತ್ರದ ನಿಜವಾದ ಉಪಕಾರವಲ್ಲವೆ?

ಮೊನೆಯನ್ನು ಬದಲಾಯಿಸುವಾಗ ಬ್ಯಾಟರಿಯನ್ನು ಕಳಚಿಡಬೇಕು. ಬೆರಳು ಅರಿಯದೆ ಗುಂಡಿಯನ್ನು ಒತ್ತಿದರೆ ಯಂತ್ರಕ್ಕೆ ನಮ್ಮ ಗುರುತು ಸಿಕ್ಕದು. ಕಣ್ಣಿಗೆ ರಕ್ಷಣೆಯ ಕನ್ನಡಕ ಬೇಕೇ ಬೇಕು. ಸಿಮೆಂಟಿನ ಧೂಳು ಶ್ವಾಸಕೋಶಗಳಿಗೆ ಕೆಡುಕು. ಆದಕಾರಣ ಮೂಗು ಬಾಯಿಗಳಿಗೆ ಧೂಳನ್ನು ತಡೆಯುವ ಮಾಸ್ಕನ್ನು ಧರಿಸಬೇಕು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಜಡೆಯನ್ನು ಮೇಲೆ ಕಟ್ಟಿ, ಬಳೆಗಳನ್ನು ತೆಗೆದಿಟ್ಟು ಕೆಲಸಕ್ಕೆ ಕೈಹಾಕುವುದು ಲೇಸು. ತಿರುಗುವ ಮೊನೆಯು ಕೈಚೀಲವನ್ನು ಸೆಳೆದುಕೊಂಡರೆ ಬೆರಳನ್ನೂ ಸೆಳೆಯುವುದಾದುದರಿಂದ ಬೈರಿಗೆಯೊಡನೆ ಸಡಿಲವಾದ ಕೈಚೀಲವನ್ನು ಹಾಕಿಕೊಳ್ಳಬಾರದು. ಸಣ್ಣ ಹಲಗೆಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದರಿಂದ ಕೊರೆಯದೆ, ಕ್ಲಾಂಪಿನಿಂದ ಮೇಜಿಗೆ ಬಿಗಿಯಿರಿ. ಕತ್ತರಿಸುವ ಗ್ರೈಂಡರಿನ ಚಕ್ರದ ಮೇಲಿನ ಕಾಪನ್ನು ಎಂದಿಗೂ ಕಳಚಕೂಡದು.

ಇನ್ನು ಬ್ಯಾಟರಿಯ ವಿಷಯ. ಅದರೊಡನೆ ಬಂದ, ಅಥವಾ ತಯಾರಿಸಿದವರು ಹೇಳಿದ, ಚಾರ್ಜರನ್ನೇ ಉಪಯೋಗಿಸಬೇಕು. ಹಾಸಿಗೆಯ ಮೇಲಾಗಲಿ, ಪರದೆಯ ಬಳಿಯಲ್ಲಾಗಲಿ, ಎಲ್ಲರೂ ಮಲಗಿರುವಾಗಲಾಗಲಿ ಚಾರ್ಜಿಗೆ ಇಡಕೂಡದು. ಕೆಲಸದಿಂದ ಬಿಸಿಯಾದ ಬ್ಯಾಟರಿ ತಣಿದ ಮೇಲೆಯೇ ಚಾರ್ಜು ಮಾಡುವುದು ಯುಕ್ತ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಅದನ್ನು ಬಿಡಬಾರದು. ಬಿಡಿಯಾಗಿಟ್ಟ ಬ್ಯಾಟರಿಯ ತುದಿಗಳಿಗೆ ಮೊಳೆ, ನಾಣ್ಯ, ಬೀಗದ ಕೈಗಳು ತಾಗಿದರೆ ವಿದ್ಯುತ್ತು ಅಡ್ಡಹಾದಿ ಹಿಡಿದು ಬೆಂಕಿಯಾದೀತು. ಬಹುದಿನ ಉಪಯೋಗವಿಲ್ಲದಿದ್ದರೆ ಸುಮಾರು ಅರ್ಧ ಚಾರ್ಜಿನಲ್ಲಿ, ತಂಪಾದ ಒಣಸ್ಥಳದಲ್ಲಿ, ಮಕ್ಕಳ ಕೈಗೆಟುಕದಂತೆ ಇಡಿರಿ. ಉಬ್ಬಿದ, ಒಡೆದ, ನೀರಿನಲ್ಲಿ ನೆನೆದ ಬ್ಯಾಟರಿಯನ್ನು ಮತ್ತೆ ಚಾರ್ಜು ಮಾಡಲೇಬಾರದು. ಹೊಗೆ ಕಂಡರೆ ಮನೆಯವರನ್ನೆಲ್ಲಾ ಹೊರಗೆ ಕರೆತಂದು 101ಕ್ಕೋ 112ಕ್ಕೋ ದೂರವಾಣಿ ಮಾಡತಕ್ಕದ್ದು. ಸತ್ತ ಬ್ಯಾಟರಿಯನ್ನು ಕಸದ ಬುಟ್ಟಿಗೆ ಎಸೆಯಬೇಡಿರಿ. ಬ್ಯಾಟರಿ ತಯಾರಿಸುವವರೇ ಅವುಗಳ ವಿಲೇವಾರಿಗೆ ಹೊಣೆಯೆಂದು ನಮ್ಮ ದೇಶದ 2022ರ ನಿಯಮಗಳು ವಿಧಿಸಿವೆ.

ಯಂತ್ರದ ಆರೈಕೆಗೆ ಹೆಚ್ಚು ಶ್ರಮವಿಲ್ಲ. ಕೆಲಸ ಮುಗಿದೊಡನೆ ಬ್ಯಾಟರಿಯನ್ನು ಕಳಚಿ, ಒಣಬಟ್ಟೆಯಿಂದ ಒರೆಸಿ, ಗಾಳಿಯಾಡುವ ಸಂದುಗಳ ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆಯಿರಿ. ನೀರಿನಿಂದ ತೊಳೆಯುವುದು, ಸೀಮೆಎಣ್ಣೆ ಸವರುವುದು ಎರಡೂ ತಪ್ಪು. ಮೊಂಡಾದ ಮೊನೆಯು ಕೈಯನ್ನು ದಣಿಸುವುದಲ್ಲದೆ ಯಂತ್ರವನ್ನೂ ಸುಡುವುದು. ಅದನ್ನು ಕಾಲಕಾಲಕ್ಕೆ ಬದಲಾಯಿಸಬೇಕು. ಹಿಡಿಯಾಗಲಿ ಕವಚವಾಗಲಿ ಬಿರುಕುಬಿಟ್ಟರೆ ದುರಸ್ತಿಯಾಗುವವರೆಗೂ ಯಂತ್ರವನ್ನು ಮುಟ್ಟಬಾರದು.

ನಮ್ಮ ತಾಯಿಯವರ ಭಾವಚಿತ್ರವು ಎರಡು ದಿನ ಗೋಡೆಗೆ ಒರಗಿಯೇ ಇದ್ದಿತು. ಕರೆಂಟಿನವನು ಬಂದು ತಂತಿಯನ್ನು ಸರಿಪಡಿಸಿದ ಮೇಲೆ, ಹಗಲು ಹೊತ್ತಿನಲ್ಲಿ, ಮೈನನ್ನೂ ಇನ್‌ವರ್ಟರನ್ನೂ ಆರಿಸಿ, ಎರಡು ಮೊಳ ಆಚೆಗೆ ಕೊರೆದೆನು. ಈ ಸಲ ಸ್ವಿಚ್ಚನ್ನು ಆರಿಸಿದವಳು ನನ್ನ ಹೆಂಡತಿ. ನಾನು ನಗಲಿಲ್ಲ, ಅವಳು ಮಾತ್ರ ಸ್ವಲ್ಪ ನಕ್ಕಳು.