ಬೆಂಗಳೂರಿನ ಹೋಟೆಲುಗಳು: ಎಲ್ಲಿ, ಯಾವುದಕ್ಕೆ?

ಬೆಂಗಳೂರಿನ ಹಳೆಯ ಪೇಟೆ, ದಂಡು ಪ್ರದೇಶ ಹಾಗೂ ಹೊಸ ಬಡಾವಣೆಗಳು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಜನರಿಂದ ಬೆಳೆದವಾದುದರಿಂದ, ಹೊರಗೆ ಎಲ್ಲಿ ಉಣ್ಣಬೇಕೆಂಬ ಪ್ರಶ್ನೆಗೆ ಅಲ್ಲಿ ಒಂದೇ ಉತ್ತರವಿಲ್ಲ. ಗಾಂಧಿ ಬಜಾರಿನಲ್ಲಿ 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನದಲ್ಲಿ ಮಾಣಿಗಳು ದೋಸೆಯ ತಟ್ಟೆಗಳನ್ನು ತೋಳಿನ ಮೇಲೆ ಒಂದರ ಮೇಲೊಂದು ಪೇರಿಸಿಕೊಂಡು ತರುತ್ತಾರೆ. ಹೊರಮೈ ಕೆಂಪಗೆ ಗರಿಗರಿಯಾಗಿದ್ದು ಒಳಗೆ ಮೆತ್ತಗಿರುವ ಆ ಮಸಾಲೆ ದೋಸೆಗೆ ನೀರಾದ ಚಟ್ನಿಯೇ ಸರಿಯಾದ ಜೊತೆ. ಲಾಲ್‌ಬಾಗಿನ ಸಮೀಪದಲ್ಲಿರುವ, 1924ರಲ್ಲಿ ಸ್ಥಾಪಿತವಾದ ಮಾವಳ್ಳಿ ಟಿಫಿನ್ ರೂಮ್, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ತಲೆದೋರಿದಾಗ ರವೆ ಇಡ್ಲಿಯನ್ನು ರೂಪಿಸಿದ್ದು ತಾನೇ ಎಂದು ಹೇಳಿಕೊಳ್ಳುತ್ತದೆ. ನಿಂತುಕೊಂಡೇ ತಿನ್ನುವ ಅಗ್ಗದ ಉಪಾಹಾರ ಗೃಹಗಳಾದ ದರ್ಶಿನಿಗಳು 1980ರ ದಶಕದಲ್ಲಿ ಹುಟ್ಟಿ ಊರೆಲ್ಲ ಹರಡಿದವು.

ಆದರೆ ಸಸ್ಯಾಹಾರವೊಂದನ್ನೇ ಬೆಂಗಳೂರಿನ ರುಚಿಯೆಂದು ತಿಳಿಯುವುದು ತಪ್ಪು. ಮಾಂಸದೂಟಕ್ಕೆ ಹೆಸರಾದ, ಮಿಲಿಟರಿ ಹೋಟೆಲೆಂದು ಕರೆಯಲಾಗುವ ಖಾನಾವಳಿಗಳಲ್ಲಿ ರಾಗಿ ಮುದ್ದೆ, ಕಾಲು ಸೂಪು ಮತ್ತು ಸಣ್ಣಕ್ಕಿಗೆ ಪುದೀನ, ಕೊತ್ತಂಬರಿ ಸೊಪ್ಪಿನ ಮಸಾಲೆ ಬೆರೆಸಿ ಬೇಯಿಸಿ ಎಲೆಯ ದೊನ್ನೆಯಲ್ಲಿ ಕೊಡುವ ದೊನ್ನೆ ಬಿರಿಯಾನಿ ದೊರೆಯುತ್ತವೆ. ರಂಜಾನ್ ತಿಂಗಳಲ್ಲಿ ಫ್ರೇಜರ್ ಟೌನಿನ ಮಸೀದಿ ರಸ್ತೆಯಲ್ಲಿ ಹಲೀಮ್, ಕಬಾಬುಗಳ ಅಂಗಡಿಗಳು ಸಾಲುಗಟ್ಟುತ್ತವೆ. ಊರಿಗೆ ಹೊಸಬರಾದವರು ಮೊದಲ ಊಟವನ್ನು ಮಿಲಿಟರಿ ಹೋಟೆಲಿನಲ್ಲಿ, ಮಧ್ಯಾಹ್ನದ ಹೊತ್ತಿಗೇ ಮಾಡುವುದು ಒಳ್ಳೆಯದು.