ಬಸವನಹುಳುವಿನ ಕುಲ ತಿಳಿದರೆ ದನಕ್ಕೆ ಕ್ಷೇಮ

ಚನ್ನಪಟ್ಟಣ ತಾಲ್ಲೂಕಿನ ದೊಡ್ಡಮಳೂರಿನ ಸುತ್ತಮುತ್ತ ಕಣ್ವ ಹೊಳೆಯ ದಂಡೆ, ಕೆರೆಯಂಗಳ, ಕಾಲುವೆಯ ಬದಿ, ನಾಟಿ ಹಾಕಿದ ಗದ್ದೆ, ಎಲ್ಲಿ ನೋಡಿದರೂ ಬಸವನಹುಳು ಕಣ್ಣಿಗೆ ಬೀಳುತ್ತದೆ. ತನ್ನಷ್ಟಕ್ಕೆ ತೆವಳಿಕೊಂಡಿರುವ ಬಡ ಜೀವಿಯೆಂದು ಯಾರೂ ಅದನ್ನು ಅಷ್ಟಾಗಿ ಗಮನಿಸುವುದಿಲ್ಲ. ಆದರೆ ಹಸು ಸೊರಗಿ, ಹಾಲು ಇಳಿಸಿ, ಗದ್ದದ ಕೆಳಗೆ ನೀರು ತುಂಬಿದಂತೆ ಊದಿಕೊಂಡಾಗ, ಅಥವಾ ಎತ್ತು ಗೊರಗೊರ ಸದ್ದು ಮಾಡುತ್ತ ಉಸಿರಾಡಿದಾಗ, ಪಶುವೈದ್ಯರು ಮೊದಲು ಕೇಳುವುದು 'ರಾಸು ಎಲ್ಲಿ ಮೇಯುತ್ತದೆ? ಎಲ್ಲಿ ನೀರು ಕುಡಿಯುತ್ತದೆ?' ಎಂದು. ಆ ಪ್ರಶ್ನೆಗೆ ಕಾರಣ ಈ ಬಸವನಹುಳುವೇ.

ಇದನ್ನು ಕೇಳಿದ ಕೂಡಲೇ 'ಹಾಗಾದರೆ ಕೆರೆಗೆ ಮೈಲುತುತ್ತ ಸುರಿದು ಎಲ್ಲವನ್ನೂ ಕೊಂದರಾಯಿತು' ಎನ್ನುವ ರೈತರುಂಟು. ಒಂದು ಊರಿನಲ್ಲಿ ಒಬ್ಬ ಕಳವು ಮಾಡಿದರೆ ಊರಿಗೆ ಊರನ್ನೇ ಹಿಡಿದು ಹೊಡೆದಂತೆ ಇದು. ಬಸವನಹುಳುಗಳಲ್ಲಿ ಹಲವು ಕುಲಗಳಿವೆ. ದನಕರುಗಳಿಗೆ ಕೇಡು ತರುವವು ಅವುಗಳಲ್ಲಿ ಕೆಲವೇ. ಅವನ್ನು ಗುರುತಿಸಲು ದುರ್ಬೀನು ಬೇಕಿಲ್ಲ. ಕಣ್ಣು ಮತ್ತು ಕೈ ಸಾಕು.

ಮೊದಲು ಬಾಗಿಲು ನೋಡಿ

ಕೆರೆಯ ಅಂಚಿನಿಂದ ನಾಲ್ಕಾರು ಬಗೆಯ ಬಸವನಹುಳುಗಳನ್ನು ಕಡ್ಡಿಯಿಂದಲೋ ಜರಡಿಯಿಂದಲೋ ಎತ್ತಿ ಒಂದು ತಟ್ಟೆಯಲ್ಲಿಡಿ. ಬರಿಗೈಯನ್ನು ನೀರಿಗೆ ಹಾಕದಿರುವುದು ಒಳ್ಳೆಯದು. ಕಾರಣವನ್ನು ಮುಂದೆ ಹೇಳಿದೆ. ಹುಳುವನ್ನು ಮೆಲ್ಲಗೆ ಮುಟ್ಟಿದರೆ ಅದು ಚಿಪ್ಪಿನೊಳಕ್ಕೆ ಸೇರಿಕೊಳ್ಳುತ್ತದೆ. ಆಗ ಚಿಪ್ಪಿನ ಬಾಯನ್ನು ನೋಡಿ. ಕೆಲವು ಹುಳುಗಳು ಒಳಸೇರಿ, ಬಿಲ್ಲೆಯಂತಹ ಮುಚ್ಚಳವನ್ನು ಬಾಗಿಲಿನಂತೆ ಎಳೆದುಕೊಳ್ಳುತ್ತವೆ. ಇನ್ನು ಕೆಲವಕ್ಕೆ ಮುಚ್ಚಳವೇ ಇಲ್ಲ. ಒಳಗಿನ ಮೆತ್ತನೆಯ ಮೈ ಹಾಗೆಯೇ ಕಾಣುತ್ತದೆ.

ಶಾಸ್ತ್ರಜ್ಞರು ಬಹುಕಾಲ ಮಾಡಿಕೊಂಡು ಬಂದ ವಿಂಗಡಣೆಗೂ ಈ ಬಾಗಿಲಿಗೂ ಹೊಂದಿಕೆಯಿದೆ. ಮುಚ್ಚಳವಿರುವ ನೀರಿನ ಬಸವನಹುಳುಗಳು ಮೀನಿನಂತೆ ಕಿವಿರಿನಿಂದ ಉಸಿರಾಡುವ ಗುಂಪಿನವು. ಮುಚ್ಚಳವಿಲ್ಲದವು ಶ್ವಾಸಚೀಲದಿಂದ ಗಾಳಿಯನ್ನೇ ಉಸಿರಾಡುವ ಗುಂಪಿನವು. ಆದ್ದರಿಂದ ಅವು ಆಗಾಗ ನೀರಿನ ಮೇಲಕ್ಕೆ ಬರುತ್ತವೆ. 2005ರಲ್ಲಿ ಪ್ರಕಟವಾದ ಹೊಸ ವರ್ಗೀಕರಣದಲ್ಲಿ ದೊಡ್ಡ ಗುಂಪುಗಳ ಹೆಸರೂ ಎಲ್ಲೆಯೂ ಬದಲಾಗಿವೆಯಾದರೂ ಕೆರೆಯ ದಂಡೆಯಲ್ಲಿ ನಿಂತ ರೈತನಿಗೆ ಈ ಹಳೆಯ ಗುರುತು ಈಗಲೂ ಕೆಲಸಕ್ಕೆ ಬರುತ್ತದೆ. ನಮ್ಮ ದೇಶದ ಸಿಹಿನೀರಿನ ಚಿಪ್ಪುಪ್ರಾಣಿಗಳ ಕೈಪಿಡಿಯನ್ನು ಎನ್.ವಿ. ಸುಬ್ಬರಾವ್ ಅವರು ಬರೆದಿದ್ದು, ಅದನ್ನು ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ 1989ರಲ್ಲಿ ಪ್ರಕಟಿಸಿತು.

ಮುಚ್ಚಳವುಳ್ಳವು

ಪೈಲಾ: ಗದ್ದೆಯಲ್ಲಿ ಸಿಗುವ ದಪ್ಪನೆಯ, ಗುಂಡನೆಯ ಹುಳು. ಇದರ ಮುಚ್ಚಳ ಗಟ್ಟಿ, ಸುಣ್ಣದ ಬಿಲ್ಲೆಯಂತಹುದು. ಇದಕ್ಕೆ ಕಿವಿರೂ ಉಂಟು, ಶ್ವಾಸಚೀಲವೂ ಉಂಟು. ಕೆರೆ ಒಣಗಿದರೆ ಮಣ್ಣಿನೊಳಗೆ ಹೂತುಕೊಂಡು, ಬಾಗಿಲು ಮುಚ್ಚಿ, ಮುಂದಿನ ಮಳೆಯವರೆಗೆ ಕಾಯಬಲ್ಲದು. ದಂಡೆಯ ತೇವದ ಮಣ್ಣಿನಲ್ಲಿ ಬಿಳಿಯ ಮೊಟ್ಟೆಗಳನ್ನು ಗೊಂಚಲಾಗಿ ಇಡುತ್ತದೆ. ರಂಗನತಿಟ್ಟಿನಲ್ಲಿ ಕಾಣುವ ಬಾಯ್ಕಳಕ ಕೊಕ್ಕರೆಗೆ ಇದೇ ಮುಖ್ಯ ಆಹಾರ.

ಬೆಲ್ಲಾಮಿಯ: ಹೆಬ್ಬೆರಳಿನ ತುದಿಯಷ್ಟು ಗಾತ್ರ, ಹಸಿರು ಮಿಶ್ರಿತ ಕಂದು ಚಿಪ್ಪಿನ ಮೇಲೆ ಪಟ್ಟೆಗಳು. ಮುಚ್ಚಳ ತೆಳು, ಕೊಂಬಿನಂತಹುದು. ಮೊಟ್ಟೆಯಿಡದೆ ಮರಿಗಳನ್ನೇ ಹಾಕುತ್ತದೆ. ಕೆಸರಿನ ಮೇಲಿನ ಪಾಚಿಯನ್ನೂ ಕೊಳೆತ ಕಸವನ್ನೂ ತಿಂದು ನೀರನ್ನು ಚೊಕ್ಕಟಗೊಳಿಸುವ ಜೀವಿ ಇದು.

ಮೆಲನಾಯ್ಡಿಸ್: ಉದ್ದಕ್ಕೆ, ಸಣ್ಣಗೆ, ದೇವಸ್ಥಾನದ ಗೋಪುರದಂತೆ ಸುತ್ತುಸುತ್ತಾಗಿ ಮೇಲೇರಿದ ಚಿಪ್ಪು. ಮರಳು ಮಿಶ್ರಿತ ಕೆಸರಿನಲ್ಲಿ ಹುದುಗಿರುತ್ತದೆ. ಇವುಗಳಲ್ಲಿ ಹೆಚ್ಚಿನವು ಹೆಣ್ಣು. ಗಂಡಿನ ಹಂಗಿಲ್ಲದೆ ಮರಿ ಹಾಕಬಲ್ಲವು. ಸಿಹಿನೀರಿನಲ್ಲಿ ಬಾಳುವ ಈ ಹುಳು ಸ್ವಲ್ಪ ಉಪ್ಪಿರುವ ನೀರಿನಲ್ಲೂ ಬದುಕಬಲ್ಲದು. ಇದರ ಬಂಧುಬಳಗವನ್ನು ಹುಡುಕುತ್ತ ಹೋದರೆ ನಮ್ಮ ಕರಾವಳಿಯ ಕೆಸರು ಬಯಲಿಗೆ ಹೋಗಿ ಮುಟ್ಟುತ್ತೇವೆ.

ಕಡಲಂಚಿನ ನೆಂಟರು

ಕಾಳಿ, ಅಘನಾಶಿನಿ, ಶರಾವತಿ, ಪಂಚಗಂಗಾವಳಿ ಮುಂತಾದ ಹೊಳೆಗಳು ಸಮುದ್ರ ಸೇರುವ ಅಳಿವೆಗಳಲ್ಲಿ ಸಿಹಿನೀರೂ ಉಪ್ಪುನೀರೂ ಬೆರೆಯುತ್ತವೆ. ಅಲ್ಲಿ ಕಾಂಡ್ಲ ಗಿಡಗಳ ಕಾಡು ಬೆಳೆಯುತ್ತದೆ. ಇಳಿತದ ಸಮಯದಲ್ಲಿ ಕೆಸರು ಬಯಲು ತೆರೆದುಕೊಳ್ಳುತ್ತದೆ. ಕುಮಟಾ ಬಳಿಯ ಅಘನಾಶಿನಿ ಅಳಿವೆಯನ್ನು 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿಸಲಾಯಿತು. ಅಲ್ಲಿನ ರೈತರು ಗಜನಿ ಭೂಮಿಯಲ್ಲಿ ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆದು, ಕೊಯ್ಲಾದ ಮೇಲೆ ಅದೇ ಜಾಗದಲ್ಲಿ ಸಿಗಡಿ, ಮೀನು ಹಿಡಿಯುವುದು ಹಿಂದಿನಿಂದ ಬಂದ ಪದ್ಧತಿ.

ಇಂತಹ ಕೆಸರಿನ ಬಸವನಹುಳುಗಳಿಗೆಂದೇ ಒಂದು ಕುಟುಂಬವಿದೆ. ಅದಕ್ಕೆ ಪೊಟಮಿಡಿಡೇ ಎಂದು ಹೆಸರು. ನಮ್ಮ ಮೆಲನಾಯ್ಡಿಸ್ ಈ ಕುಟುಂಬಕ್ಕೆ ದಾಯಾದಿ. ಅದೇ ಗೋಪುರದ ಆಕಾರ, ಅದೇ ಕೊಂಬಿನ ಮುಚ್ಚಳ. ಟೆಲಿಸ್ಕೋಪಿಯಂ ಎಂಬುದು ಬುಗುರಿಯನ್ನು ತಲೆಕೆಳಗೆ ಮಾಡಿದಂತಿದ್ದು ಗೇಣಿನ ಅರ್ಧದಷ್ಟು ಬೆಳೆಯುತ್ತದೆ. ಪೈರೆನೆಲ್ಲ ಎಂಬುದು ಚಿಕ್ಕದು. ಅದರ ಚಿಪ್ಪಿನ ಮೇಲೆ ಮಣಿ ಪೋಣಿಸಿದಂತೆ ಸಾಲುಗಳು. ಇವು ಕೆಸರಿನ ಮೇಲಿನ ಪಾಚಿ, ಕೊಳೆತ ಎಲೆಯ ಪುಡಿ ತಿಂದು ಕಾಂಡ್ಲದ ನೆಲಕ್ಕೆ ಗೊಬ್ಬರ ಒದಗಿಸುತ್ತವೆ. ಇಳಿತವಾದಾಗ ಮುಚ್ಚಳ ಹಾಕಿಕೊಂಡು ಮೈಯ ತೇವ ಕಾಪಾಡಿಕೊಳ್ಳುತ್ತವೆ. ಲಿಟ್ಟೊರೇರಿಯ ಎಂಬ ಇನ್ನೊಂದು ಕುಟುಂಬದ ಹುಳು ಕಾಂಡ್ಲದ ಕಾಂಡ, ಎಲೆಗಳನ್ನೇ ಹತ್ತಿ ಕುಳಿತಿರುತ್ತದೆ.

ಇವುಗಳ ಕುಲ ವಿಂಗಡಿಸುವುದು ಶಾಸ್ತ್ರಜ್ಞರಿಗೂ ಸುಲಭವಾಗಿರಲಿಲ್ಲ. ಪುಸ್ತಕಗಳಲ್ಲಿ ಸೆರಿಥಿಡಿಯ ಸಿಂಗ್ಯುಲೇಟ ಎಂದು ಬಹುಕಾಲ ಒಂದೇ ಹೆಸರಿನಿಂದ ಕರೆಯುತ್ತಿದ್ದ ಹುಳುವನ್ನು 2016ರಲ್ಲಿ ಡೇವಿಡ್ ರೀಡ್ ಮತ್ತು ತೊಮೊವೊ ಒಜಾವಾ ಎಂಬುವರು ಮತ್ತೆ ಪರೀಕ್ಷಿಸಿ ಪೈರೆನೆಲ್ಲ ಕುಲಕ್ಕೆ ಸೇರಿಸಿದರು. ಒಂದೇ ಎಂದುಕೊಂಡಿದ್ದರಲ್ಲಿ ಹಲವು ಜಾತಿಗಳಿರುವುದನ್ನೂ ತೋರಿಸಿದರು.

ಹೆಸರಿನ ಈ ಗೋಜು ನಮಗೇಕೆ ಎಂದು ಕೇಳಬಹುದು. ಈಜಿಪ್ಟ್ ದೇಶದ ನೈಲ್ ನದಿಯ ಮುಖಜಭೂಮಿಯಲ್ಲಿ ಪೈರೆನೆಲ್ಲ ಕುಲದ ಒಂದು ಜಾತಿ ಮನುಷ್ಯರ ಕರುಳಿಗೆ ಸೇರುವ ಸಣ್ಣ ಚಪ್ಪಟೆ ಹುಳುವನ್ನು ಸಾಕುತ್ತದೆ. ಸರಿಯಾಗಿ ಬೇಯಿಸದ ಮೀನು ತಿಂದವರಿಗೆ ಅದು ತಗಲುತ್ತದೆ. ಆದರೆ ಆ ಹುಳುವಿಗೆ ಕೆರೆಯ ಬಸವನಹುಳು ಒಗ್ಗುವುದಿಲ್ಲ. ದನದ ಚಪ್ಪಟೆ ಹುಳುವಿಗೆ ಕೆಸರು ಬಯಲಿನ ಬಸವನಹುಳು ಒಗ್ಗುವುದಿಲ್ಲ. ಪ್ರತಿಯೊಂದು ಚಪ್ಪಟೆ ಹುಳುವೂ ತನಗೆ ಒಗ್ಗುವ ಬಸವನಹುಳುವಿನ ಕುಲವನ್ನೇ ಹುಡುಕಿ ಹೊಗುತ್ತದೆ. ಬಸವನಹುಳುವಿನ ಕುಲ ತಿಳಿದರೆ ರೋಗದ ಜಾಡು ತಿಳಿದಂತೆ.

ಮುಚ್ಚಳವಿಲ್ಲದವು

ಈಗ ಮತ್ತೆ ನಮ್ಮ ಕೆರೆಗೆ ಬರೋಣ. ತಟ್ಟೆಯಲ್ಲಿ ಉಳಿದಿರುವ, ಮುಚ್ಚಳವಿಲ್ಲದ ಹುಳುಗಳಲ್ಲಿ ಎರಡನ್ನು ರೈತರು ಚೆನ್ನಾಗಿ ಗುರುತಿಟ್ಟುಕೊಳ್ಳಬೇಕು.

ಲಿಮ್ನಿಯಾ: ತೆಳ್ಳನೆಯ, ಬೆಳಕು ಹಾಯುವಂತಹ ಕಂದು ಚಿಪ್ಪು, ಬಾಯಿ ಅಗಲ, ತುದಿ ಚೂಪು. ತುದಿ ಮೇಲಾಗಿ, ಬಾಯಿ ನಿಮ್ಮ ಕಡೆಗಿರುವಂತೆ ಹಿಡಿದರೆ ಬಾಯಿ ಬಲಗಡೆಗಿರುತ್ತದೆ. ನೋಡಲು ಹೀಗೆಯೇ ಇದ್ದು ಬಾಯಿ ಎಡಗಡೆಗಿದ್ದರೆ ಅದು ಫೈಸಾ. ಉತ್ತರ ಅಮೆರಿಕದಿಂದ ಬಂದು ನಮ್ಮ ದೇಶದ ನಿಂತ ನೀರಿನಲ್ಲೂ ನೆಲೆಸಿರುವ ಹುಳು. ದನದ ಪಿತ್ತಜನಕಾಂಗಕ್ಕೆ, ಅಂದರೆ ಲಿವರ್‌ಗೆ, ಸೇರುವ ಎಲೆಯಾಕಾರದ ಹುಳುವನ್ನು ಸಾಕುವುದು ಲಿಮ್ನಿಯಾ ಗುಂಪು.

ಇಂಡೊಪ್ಲಾನಾರ್ಬಿಸ್: ಗೋಪುರವೇ ಇಲ್ಲ. ಹಗ್ಗವನ್ನು ಸುರುಳಿ ಸುತ್ತಿ ನೆಲದ ಮೇಲಿಟ್ಟಂತೆ, ಟಗರಿನ ಕೊಂಬಿನಂತೆ ಚಪ್ಪಟೆ ಸುರುಳಿ. ಜಜ್ಜಿದರೆ ಕೆಂಪು ರಸ ಬರುತ್ತದೆ. ಮೇಕೆ, ಕುರಿ, ದನಗಳ ಹೊಟ್ಟೆಯ ಚಪ್ಪಟೆ ಹುಳುವನ್ನೂ, ಗೊರಕೆ ರೋಗದ ಹುಳುವನ್ನೂ ಸಾಕುವುದು ಇದು.

ಈ ಎರಡೂ ಹುಳುಗಳು ಗಂಡು ಹೆಣ್ಣು ಎರಡೂ ಆಗಿರುವುದರಿಂದ ಒಂದೇ ಒಂದು ಹುಳು ಹೊಸ ಹೊಂಡಕ್ಕೆ ಸೇರಿದರೂ ಸಂತತಿ ಬೆಳೆಯಬಲ್ಲದು. ನೀರಿನ ಕಳೆಗಳ ಎಲೆಯ ಅಡಿಯಲ್ಲಿ ಲೋಳೆಯಂತಹ ಮೊಟ್ಟೆಪಟ್ಟಿಗಳನ್ನು ಅಂಟಿಸುತ್ತವೆ. ನಿಧಾನವಾಗಿ ಹರಿಯುವ, ಕಳೆ ತುಂಬಿದ ನೀರು ಇವಕ್ಕೆ ತವರು. ಕಣ್ವ ಜಲಾಶಯ 1946ರಲ್ಲಿ ಆದ ಮೇಲೆ ಕಾಲುವೆಗಳು ಬಂದವು. ಈಚೆಗೆ ಇಗ್ಗಲೂರು ಬ್ಯಾರೇಜಿನಿಂದ ನೀರೆತ್ತಿ ತಾಲ್ಲೂಕಿನ ಕೆರೆಗಳನ್ನು ತುಂಬಿಸುವ ಕೆಲಸವೂ ನಡೆದಿದೆ. ನೀರು ನಿಂತದ್ದು ನಮ್ಮ ಭಾಗ್ಯ. ನೀರಿನ ಜೊತೆಗೆ ಬರುವ ಈ ಅತಿಥಿಗಳ ಮೇಲೂ ಒಂದು ಕಣ್ಣಿಟ್ಟಿರಬೇಕು.

ರೋಗ ಸಾಗುವ ದಾರಿ

ಲಿವರಿನ ಹುಳು ರಾಸಿನ ಪಿತ್ತನಾಳದಲ್ಲಿ ಕುಳಿತು ಮೊಟ್ಟೆಯಿಡುತ್ತದೆ. ಮೊಟ್ಟೆ ಸಗಣಿಯೊಡನೆ ಹೊರಬಿದ್ದು ನೀರು ಸೇರಿದರೆ ಎರಡು ಮೂರು ವಾರಗಳಲ್ಲಿ ಒಡೆಯುತ್ತದೆ. ಹೊರಬಂದ ಮರಿಗೆ ಸುಮಾರು ಒಂದು ದಿನದೊಳಗೆ ಲಿಮ್ನಿಯಾ ಸಿಗದಿದ್ದರೆ ಅದು ಸಾಯುತ್ತದೆ. ಸಿಕ್ಕರೆ ಅದರ ಮೈಯೊಳಗೆ ಒಂದೂವರೆ ಎರಡು ತಿಂಗಳಲ್ಲಿ ಒಂದು ನೂರಾರಾಗಿ ಹೆಚ್ಚಿ, ಬಾಲವಿರುವ ಸೂಕ್ಷ್ಮ ಮರಿಗಳಾಗಿ ನೀರಿಗೆ ಬಂದು, ಹುಲ್ಲಿಗೆ, ಭತ್ತದ ಬುಡಕ್ಕೆ ಅಂಟಿ ಗಂಟುಕಟ್ಟಿ ಕುಳಿತುಕೊಳ್ಳುತ್ತದೆ. ಆ ಹುಲ್ಲು ತಿಂದ ರಾಸಿಗೆ ಹುಳು ಹತ್ತುತ್ತದೆ. ರಾಸು ಸೊರಗುವುದು, ಕಣ್ಣಿನ ಒಳರೆಪ್ಪೆ ಬಿಳಿಚುವುದು, ಗದ್ದದ ಕೆಳಗೆ ಊತ, ಹಾಲಿನ ಇಳಿತ ಇದರ ಲಕ್ಷಣಗಳು.

ಹೊಟ್ಟೆಯ ಚಪ್ಪಟೆ ಹುಳುವಿನ ಮರಿಗಳೂ ಹೀಗೆಯೇ ಹುಲ್ಲಿನ ಮೂಲಕ ಒಳಹೋಗುತ್ತವೆ. ಅವು ಕರುಳಿನಲ್ಲಿರುವಾಗ ದುರ್ವಾಸನೆಯ ನೀರುಭೇದಿಯಾಗಿ ಕರು, ಕುರಿ, ಮೇಕೆಗಳು ಸಾಯುವುದೂ ಉಂಟು.

ಗೊರಕೆ ರೋಗದ ದಾರಿ ಬೇರೆ. ಇಂಡೊಪ್ಲಾನಾರ್ಬಿಸ್‌ನಿಂದ ಹೊರಬಿದ್ದ ಮರಿಗಳು ನೀರಿನಲ್ಲಿ ನಿಂತ ರಾಸಿನ ಚರ್ಮವನ್ನೇ ಕೊರೆದು ಒಳಸೇರಿ, ಕೊನೆಗೆ ಮೂಗಿನ ರಕ್ತನಾಳಗಳಲ್ಲಿ ನೆಲೆಸುತ್ತವೆ. ಮೂಗಿನೊಳಗೆ ಹೂಕೋಸಿನಂತೆ ಗಂಟುಗಳೆದ್ದು ಉಸಿರು ಕಟ್ಟುತ್ತದೆ. ಈ ಹುಳುವನ್ನು 1933ರಲ್ಲಿ ಗುರುತಿಸಿ ಹೆಸರಿಟ್ಟವರು ಮದರಾಸಿನ ವಿಜ್ಞಾನಿ ಎಂ. ಅನಂತನಾರಾಯಣ ರಾವ್. ಎಮ್ಮೆಗಳಲ್ಲಿ ಲಕ್ಷಣ ಅಷ್ಟಾಗಿ ಕಾಣುವುದಿಲ್ಲ; ಹಸು, ಎತ್ತುಗಳಿಗೇ ಬಾಧೆ ಹೆಚ್ಚು. ಇದೇ ಬಳಗದ ಕೆಲವು ದನದ ಹುಳುಗಳ ಮರಿಗಳು ನಾಟಿ ಮಾಡುವವರ ಕಾಲಿಗೂ ಹೊಕ್ಕು ತುರಿಕೆ ಉಂಟುಮಾಡುತ್ತವೆ. ಮನುಷ್ಯರಲ್ಲಿ ಅವು ಬೆಳೆಯಲಾರವು, ತುರಿಕೆಯಷ್ಟೇ ಕಷ್ಟ. ಬರಿಗೈ ನೀರಿಗೆ ಹಾಕಬೇಡಿ ಎಂದದ್ದು ಇದಕ್ಕಾಗಿಯೇ.

ಮೈಲುತುತ್ತ ಏಕೆ ಬೇಡ?

ಮೈಲುತುತ್ತ ಬಸವನಹುಳುವನ್ನು ಕೊಲ್ಲುವುದು ನಿಜ. ಅದರ ಜೊತೆಗೆ ಮೀನನ್ನೂ ಕೊಲ್ಲುತ್ತದೆ. ತಾಮ್ರದ ಅಂಶವಿರುವ ನೀರು ಕುರಿಗಳಿಗೆ ವಿಷ. ಕೆಸರು ತುಂಬಿದ ನೀರಿನಲ್ಲಿ ಅದರ ಕಸುವು ಬೇಗ ಇಳಿದುಹೋಗುತ್ತದೆ. ಲೋಳೆಯೊಳಗಿನ ಮೊಟ್ಟೆಗಳೂ, ಮಣ್ಣಿನಲ್ಲಿ ಹುದುಗಿದ ಹುಳುಗಳೂ ಉಳಿದು ಮತ್ತೆ ಹೆಚ್ಚುತ್ತವೆ. ನಿರಪರಾಧಿಗಳಾದ ಪೈಲಾ, ಬೆಲ್ಲಾಮಿಯಗಳು ಸತ್ತು, ಬೇಗ ಸಂತತಿ ಬೆಳೆಸುವ ಮುಚ್ಚಳವಿಲ್ಲದ ಹುಳುಗಳಿಗೆ ಜಾಗ ತೆರವು ಮಾಡಿಕೊಟ್ಟಂತಾಗುತ್ತದೆ.

ರೈತರು ಮಾಡಬೇಕಾದುದು

1. ರಾಸುಗಳಿಗೆ ಕೊಟ್ಟಿಗೆಯ ಬಳಿ ತೊಟ್ಟಿ ಕಟ್ಟಿಸಿ ಬಾವಿ ಅಥವಾ ಕೊಳವೆ ಬಾವಿಯ ನೀರು ಕುಡಿಸಿರಿ. ಎತ್ತುಗಳನ್ನು ಕಳೆ ಬೆಳೆದ ನಿಂತ ನೀರಿಗೆ ಇಳಿಸಬೇಡಿ.

2. ಕೆರೆಯಂಚಿನ ಜೌಗು ಹುಲ್ಲನ್ನು ಹಸಿಯಾಗಿ ಮೇಯಿಸದೆ, ಕೊಯ್ದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಹಾಕಿರಿ. ಒಣ ಬಿಸಿಲಿಗೆ ಗಂಟುಕಟ್ಟಿದ ಮರಿಗಳು ಸಾಯುತ್ತವೆ. ನೀರು ನಿಂತಿದ್ದ ಗದ್ದೆಯ ಭತ್ತವನ್ನು ಬುಡದಿಂದ ಒಂದು ಗೇಣು ಬಿಟ್ಟು ಕೊಯ್ಯುವುದೂ ಒಳ್ಳೆಯದು.

3. ಹಸಿ ಸಗಣಿಯನ್ನು ಕಾಲುವೆಗೆ, ಗದ್ದೆಗೆ ಸೇರಲು ಬಿಡದೆ ತಿಪ್ಪೆಯಲ್ಲಿ ಕಳಿಸಿರಿ. ಚೆನ್ನಾಗಿ ಕಾವೇರಿದ ತಿಪ್ಪೆಯಲ್ಲಿ ಹುಳುವಿನ ಮೊಟ್ಟೆ ಉಳಿಯುವುದಿಲ್ಲ. ಮೊಟ್ಟೆ ನೀರು ಸೇರದಿದ್ದರೆ ಲಿಮ್ನಿಯಾ ಎಷ್ಟಿದ್ದರೂ ಹೆದರಬೇಕಿಲ್ಲ.

4. ಕಾಲುವೆಯ ಕಳೆಯನ್ನು ಕಿತ್ತು ದಡಕ್ಕೆ ಹಾಕಿ ಒಣಗಿಸಿರಿ. ಎಲೆಯಡಿಯ ಮೊಟ್ಟೆಗಳು ಅದರೊಡನೆ ಒಣಗುತ್ತವೆ.

5. ಅನುಕೂಲವಿದ್ದವರು ಬಾತುಕೋಳಿ ಸಾಕಿರಿ. ಅವು ಬಸವನಹುಳುಗಳನ್ನು ಹುಡುಕಿ ತಿನ್ನುತ್ತವೆ.

6. ಅನುಮಾನವಿದ್ದರೆ ರಾಸಿನ ಹೊಸ ಸಗಣಿಯನ್ನು ಪಶು ಆಸ್ಪತ್ರೆಗೆ ಒಯ್ದು ಪರೀಕ್ಷೆ ಮಾಡಿಸಿರಿ. ಗೊರಕೆಯಿದ್ದರೆ ಮೂಗಿನ ಸಿಂಬಳವನ್ನೂ ಪರೀಕ್ಷಿಸಬೇಕಾಗುತ್ತದೆ.

ಇನ್ನೊಂದು ಮುಖ್ಯ ವಿಷಯ. ಅಂಗಡಿಯಲ್ಲಿ ಸಿಗುವ ಎಲ್ಲ ಜಂತುಹುಳುವಿನ ಔಷಧಿಯೂ ಚಪ್ಪಟೆ ಹುಳುವಿಗೆ ನಾಟುವುದಿಲ್ಲ. ದುಂಡು ಹುಳುವಿನ ಔಷಧಿ ಕುಡಿಸಿ 'ಔಷಧಿ ಹಾಕಿದರೂ ದನ ಸುಧಾರಿಸಲಿಲ್ಲ' ಎಂದು ಬೇಸರಪಡುವವರು ಬಹಳ. ಲಿವರಿನ ಹುಳುವಿನ ಮರಿ ಮತ್ತು ದೊಡ್ಡ ಹುಳು ಎರಡಕ್ಕೂ ಟ್ರೈಕ್ಲಾಬೆಂಡಜೋಲ್, ದೊಡ್ಡ ಹುಳುವಿಗೂ ಹೊಟ್ಟೆಯ ಚಪ್ಪಟೆ ಹುಳುವಿಗೂ ಆಕ್ಸಿಕ್ಲೋಜನೈಡ್ ಕೆಲಸ ಮಾಡುತ್ತವೆ. ಯಾವುದು, ಎಷ್ಟು, ಎಷ್ಟು ದಿನದ ಹಾಲನ್ನು ಡೇರಿಗೆ ಹಾಕಬಾರದು ಎಂಬುದನ್ನು ಪಶುವೈದ್ಯರೇ ಹೇಳಬೇಕು.

ಮಳೆಗಾಲ ಮುಗಿದು ನೀರು ಇಳಿಯುವ ಹೊತ್ತು ಬಸವನಹುಳು ನೋಡಲು ತಕ್ಕ ಸಮಯ. ಓದುವ ಮನೆಯ ನಾಲ್ಕು ಮಂದಿ ಸೇರಿ ನಿಮ್ಮ ಊರಿನ ಕೆರೆ, ಕಾಲುವೆ, ದನ ನೀರು ಕುಡಿಯುವ ಜಾಗಗಳನ್ನು ಒಮ್ಮೆ ಸುತ್ತಿ ಬನ್ನಿ. ಎಲ್ಲಿ ಮುಚ್ಚಳವುಳ್ಳವು, ಎಲ್ಲಿ ಬಲಬಾಯಿಯ ಲಿಮ್ನಿಯಾ, ಎಲ್ಲಿ ಟಗರುಕೊಂಬಿನ ಇಂಡೊಪ್ಲಾನಾರ್ಬಿಸ್ ಎಂದು ಗುರುತು ಹಾಕಿಕೊಳ್ಳಿ. ಕೊನೆಯ ಎರಡು ಸಿಕ್ಕ ಜಾಗಕ್ಕೆ ದನ ಬಿಡುವುದನ್ನು ನಿಲ್ಲಿಸಿರಿ. ಇದಕ್ಕೆ ಕಾಸಿನ ಖರ್ಚಿಲ್ಲ. ಉಳಿಯುವುದು ಮಾತ್ರ ಒಂದು ರಾಸಿನ ಬೆಲೆ.