ಕಣ್ಣಿನಂಚಿನ ಉಂಗುರ ತಿಳಿಸುವ ಕಾಯಿಲೆ

ಚೆನ್ನಾಗಿ ಓದುತ್ತಿದ್ದ ಮಗನ ಅಕ್ಷರ ಕೆಲವೇ ತಿಂಗಳುಗಳಲ್ಲಿ ಗುರುತು ಸಿಗದಷ್ಟು ಕೆಡುತ್ತದೆ. ಚಹಾದ ಲೋಟ ಹಿಡಿದರೆ ಕೈ ನಡುಗುತ್ತದೆ. ಮಾತು ತೊದಲುತ್ತದೆ, ಬಾಯಿಯಿಂದ ಜೊಲ್ಲು ಸುರಿಯುತ್ತದೆ. ಸಣ್ಣ ಮಾತಿಗೂ ಸಿಟ್ಟು, ಕಾರಣವಿಲ್ಲದೆ ಅಳು. ಶಾಲೆಯಲ್ಲಿ ಸೋಮಾರಿ ಎನ್ನುತ್ತಾರೆ. ಬಂಧುಗಳು ಜಿನ್ನ್ ಉಪದ್ರವ, ಮಾಟ, ದೃಷ್ಟಿ ಎನ್ನುತ್ತಾರೆ. ನೆರೆಹೊರೆಯವರು ತಲೆ ಕೆಟ್ಟಿದೆ ಎನ್ನುತ್ತಾರೆ. ಇವುಗಳಲ್ಲಿ ಯಾವುದನ್ನೂ ನಂಬುವ ಮೊದಲು ಮಗುವನ್ನು ನರರೋಗ ತಜ್ಞರಿಗೆ ತೋರಿಸಿ, ಜೊತೆಗೆ ಕಣ್ಣಿನ ಪರೀಕ್ಷೆಯನ್ನೂ ಮಾಡಿಸಿ. ನಡುಗುವ ಕೈಗೂ ಕಣ್ಣಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ.

ತಾಮ್ರ ಹೊರಹೋಗದಿದ್ದಾಗ

ನಮ್ಮ ದೇಹಕ್ಕೆ ತಾಮ್ರ ಬಹಳ ಅಲ್ಪ ಪ್ರಮಾಣದಲ್ಲಿ ಬೇಕು. ಆಹಾರದಿಂದ ಬರುವ ಹೆಚ್ಚುವರಿ ತಾಮ್ರವನ್ನು ಲಿವರ್ ಪಿತ್ತರಸದ ಮೂಲಕ ಹೊರಹಾಕುತ್ತದೆ. ಈ ಕೆಲಸಕ್ಕೆ ಬೇಕಾದ ವಂಶವಾಹಿಯಲ್ಲಿ ದೋಷವಿದ್ದರೆ ತಾಮ್ರ ಲಿವರಿನಲ್ಲೇ ಸಂಗ್ರಹವಾಗುತ್ತಾ ಹೋಗುತ್ತದೆ. ಅಲ್ಲಿ ತುಂಬಿದ ಬಳಿಕ ರಕ್ತದಲ್ಲಿ ಸೇರಿ ಮೆದುಳು ಮತ್ತು ಕಣ್ಣನ್ನು ತಲುಪುತ್ತದೆ. ಇದೇ ವಿಲ್ಸನ್ ಕಾಯಿಲೆ. ಲಂಡನ್ನಿನ ನರರೋಗ ವೈದ್ಯ ಕಿನ್ನಿಯರ್ ವಿಲ್ಸನ್ 1912ರಲ್ಲಿ ಇದನ್ನು ವಿವರವಾಗಿ ದಾಖಲಿಸಿದ್ದರಿಂದ ಈ ಹೆಸರು ಬಂತು. ಹುಟ್ಟಿನಿಂದಲೇ ದೋಷವಿದ್ದರೂ ಲಕ್ಷಣಗಳು ಹೆಚ್ಚಾಗಿ 5ರಿಂದ 35 ವರ್ಷದೊಳಗೆ ಕಾಣಿಸಿಕೊಳ್ಳುತ್ತವೆ. ಕೆಲವರಿಗೆ ಮೊದಲು ಜಾಂಡಿಸ್ ಅಥವಾ ಹೊಟ್ಟೆಯಲ್ಲಿ ನೀರು ತುಂಬುವುದು, ಕೆಲವರಿಗೆ ನಡುಕ, ಇನ್ನು ಕೆಲವರಿಗೆ ಖಿನ್ನತೆ ಅಥವಾ ಸ್ವಭಾವದಲ್ಲಿ ಬದಲಾವಣೆ.

ಕಣ್ಣು ಕೊಡುವ ಸಾಕ್ಷಿ

ತಾಮ್ರವು ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಅಂಚಿನಲ್ಲಿ ಕೂತು ಕಂದು ಅಥವಾ ಹಸಿರು ಮಿಶ್ರಿತ ಚಿನ್ನದ ಬಣ್ಣದ ಉಂಗುರವನ್ನು ಉಂಟುಮಾಡುತ್ತದೆ. 1902 ಮತ್ತು 1903ರಲ್ಲಿ ಇದನ್ನು ವರದಿ ಮಾಡಿದ ಜರ್ಮನಿಯ ಇಬ್ಬರು ವೈದ್ಯರ ಹೆಸರಿನಲ್ಲಿ ಇದನ್ನು ಕೈಸರ್-ಫ್ಲೈಶರ್ ಉಂಗುರ ಎನ್ನುತ್ತಾರೆ. ಇದು ಮೊದಲು ಮೇಲ್ಭಾಗದಲ್ಲಿ, ಆಮೇಲೆ ಕೆಳಭಾಗದಲ್ಲಿ ಕಾಣಿಸಿಕೊಂಡು ಕೊನೆಗೆ ಸುತ್ತಲೂ ಕೂಡಿಕೊಳ್ಳುತ್ತದೆ. ನೋವಿಲ್ಲ, ದೃಷ್ಟಿಯೂ ಮಂದವಾಗುವುದಿಲ್ಲ. ಆದ್ದರಿಂದ ಮಗು ಕಣ್ಣಿನ ಬಗ್ಗೆ ದೂರು ಹೇಳುವುದೇ ಇಲ್ಲ. ನಮ್ಮವರ ಕಣ್ಣು ಕಪ್ಪು ಅಥವಾ ಗಾಢ ಕಂದು ಬಣ್ಣದ್ದಾಗಿರುವುದರಿಂದ ಕನ್ನಡಿಯಲ್ಲಿ ನೋಡಿದರೂ ಗೊತ್ತಾಗುವುದು ಕಷ್ಟ. ಕಣ್ಣಿನ ವೈದ್ಯರು ಸ್ಲಿಟ್ ಲ್ಯಾಂಪ್ ಎಂಬ ಉಪಕರಣದಲ್ಲಿ ನೋಡಬೇಕು. ಸೂಜಿಯಿಲ್ಲ, ನೋವಿಲ್ಲ, ಕೆಲವೇ ನಿಮಿಷದ ಕೆಲಸ.

ನಡುಕ, ತೊದಲು ಮುಂತಾದ ಮೆದುಳಿನ ಲಕ್ಷಣಗಳಿರುವ ವಿಲ್ಸನ್ ರೋಗಿಗಳಲ್ಲಿ ಬಹುತೇಕ ಎಲ್ಲರಲ್ಲೂ ಈ ಉಂಗುರ ಇರುತ್ತದೆ. ಲಿವರ್ ಮಾತ್ರ ಕೆಟ್ಟವರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಇರುತ್ತದೆ. ಆದ್ದರಿಂದ ಉಂಗುರ ಕಾಣಲಿಲ್ಲ ಎಂದು ಸುಮ್ಮನಾಗಬೇಡಿ. ರಕ್ತದಲ್ಲಿ ಸೆರುಲೋಪ್ಲಾಸ್ಮಿನ್ ಮತ್ತು 24 ಗಂಟೆಗಳ ಮೂತ್ರದಲ್ಲಿ ತಾಮ್ರದ ಪ್ರಮಾಣವನ್ನು ಪರೀಕ್ಷಿಸಬೇಕಾಗುತ್ತದೆ. ವಯಸ್ಸಾದವರ ಕಣ್ಣಿನಂಚಿನಲ್ಲಿ ಕಾಣುವ ಬೂದು ಬಿಳಿ ಬಳೆ ಬೇರೆ, ಅದನ್ನು ನೋಡಿ ಗಾಬರಿಯಾಗಬೇಡಿ.

ಒಡಹುಟ್ಟಿದವರನ್ನೂ ಪರೀಕ್ಷಿಸಿ

ತಂದೆ ಮತ್ತು ತಾಯಿ ಇಬ್ಬರಿಂದಲೂ ದೋಷವಿರುವ ವಂಶವಾಹಿ ಬಂದಾಗ ಮಾತ್ರ ಮಗುವಿಗೆ ಈ ಕಾಯಿಲೆ ಬರುತ್ತದೆ. ಹೆತ್ತವರು ಆರೋಗ್ಯವಾಗಿಯೇ ಇರುತ್ತಾರೆ. ಅವರ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಶೇ. 25. ಹತ್ತಿರದ ಸಂಬಂಧದಲ್ಲಿ ಮದುವೆಯಾದಾಗ ಒಂದೇ ದೋಷ ಎರಡೂ ಕಡೆ ಇರುವ ಸಂಭವ ಹೆಚ್ಚು. ಚಿಕ್ಕಪ್ಪ, ಮಾವಂದಿರ ಮಕ್ಕಳನ್ನು ಮದುವೆಯಾಗಲು ಧರ್ಮದಲ್ಲಿ ಅನುಮತಿ ಇದೆ, ಆದರೆ ಅದು ಕಡ್ಡಾಯವಲ್ಲ. ಕುಟುಂಬದಲ್ಲಿ ಈ ಕಾಯಿಲೆ ಇದ್ದರೆ ಸಂಬಂಧ ಕುದುರಿಸುವ ಮೊದಲು ವೈದ್ಯರ ಸಲಹೆ ಕೇಳಿ. ಮಗುವಿನ ಕಾಯಿಲೆಗೆ ಸೊಸೆಯನ್ನು ದೂರುವುದು ಮಾತ್ರ ಅನ್ಯಾಯ, ಏಕೆಂದರೆ ದೋಷ ಇಬ್ಬರ ಕಡೆಯಿಂದಲೂ ಬಂದಿರುತ್ತದೆ. ಒಂದು ಮಗುವಿಗೆ ಕಾಯಿಲೆ ಖಚಿತವಾದರೆ, ಆಡಿಕೊಂಡಿರುವ ಅದರ ಅಣ್ಣ, ತಮ್ಮ, ಅಕ್ಕ, ತಂಗಿಯರನ್ನೂ ಪರೀಕ್ಷಿಸಿ. ಲಕ್ಷಣ ಬರುವ ಮೊದಲೇ ಮದ್ದು ಶುರುವಾದರೆ ಆ ಮಗು ಎಲ್ಲರಂತೆ ಬಾಳಬಲ್ಲುದು.

ಚಿಕಿತ್ಸೆ ಇದೆ

ವಂಶವಾಹಿ ಕಾಯಿಲೆಗಳಲ್ಲಿ ಮಾತ್ರೆಯಿಂದ ಹತೋಟಿಗೆ ಬರುವವು ಕಡಿಮೆ. ವಿಲ್ಸನ್ ಕಾಯಿಲೆ ಅಂಥವುಗಳಲ್ಲಿ ಒಂದು. ಪೆನಿಸಿಲಮಿನ್ ಮಾತ್ರೆ ತಾಮ್ರವನ್ನು ಮೂತ್ರದಲ್ಲಿ ಹೊರಹಾಕುತ್ತದೆ. 1956ರಿಂದ ಅದು ಬಳಕೆಯಲ್ಲಿದೆ. ಝಿಂಕ್ ಮಾತ್ರೆ ಕರುಳಿನಲ್ಲಿ ತಾಮ್ರ ಹೀರಿಕೆಯಾಗದಂತೆ ತಡೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ದಶಕಗಳಿಂದ ಇಂತಹ ರೋಗಿಗಳಿಗೆ ಚಿಕಿತ್ಸೆ ನಡೆಯುತ್ತಿದೆ. ಮದ್ದು ಫಲಿಸಿದಂತೆ ಕಣ್ಣಿನ ಉಂಗುರವೂ ನಿಧಾನವಾಗಿ ಮಾಸುತ್ತದೆ.

ಶುರುವಿನಲ್ಲಿ ಕೆಲವರಿಗೆ ನಡುಕ ಹೆಚ್ಚಾಗಬಹುದು. ಆಗ ಮದ್ದನ್ನು ನೀವಾಗಿಯೇ ಬಿಡದೆ ಕೂಡಲೇ ವೈದ್ಯರಿಗೆ ತಿಳಿಸಿ. ಗುಣವಾಯಿತೆಂದು ಕೆಲವು ವರ್ಷಗಳ ನಂತರ ನಿಲ್ಲಿಸುವುದು ಇನ್ನೂ ಅಪಾಯ. ಲಿವರ್ ಒಮ್ಮೆಲೇ ಕೈಕೊಟ್ಟು ಜೀವ ಹೋದದ್ದುಂಟು. ಇದು ಜೀವನಪೂರ್ತಿಯ ಚಿಕಿತ್ಸೆ.

ಬಕ್ರೀದಿನ ಊಟದಲ್ಲಿ ಕುರಿ, ಆಡಿನ ಲಿವರನ್ನು ಈ ಮಗುವಿನ ತಟ್ಟೆಗೆ ಹಾಕಬೇಡಿ. ಏಡಿ, ಚಿಪ್ಪುಮೀನು, ಗೋಡಂಬಿ, ಅಣಬೆ, ಚಾಕಲೇಟ್‌ಗಳಲ್ಲೂ ತಾಮ್ರ ಹೆಚ್ಚು. ತಾಮ್ರದ ಪಾತ್ರೆಯ ನೀರು ಬೇಡ. ದಿನಕ್ಕೆ ಹಲವು ಬಾರಿ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳುವ ಮದ್ದಿದ್ದರೆ ರಮಝಾನಿನ ಉಪವಾಸದ ಬಗ್ಗೆ ಮೊದಲೇ ವೈದ್ಯರನ್ನು ಮತ್ತು ಆಲಿಮರನ್ನು ಕೇಳಿ. ರೋಗಿಗಳಿಗೆ ಅಲ್ಲಾಹನು ರಿಯಾಯಿತಿ ಕೊಟ್ಟಿದ್ದಾನೆ.

ಪ್ರವಾದಿವರ್ಯರು(ಸ) ಸ್ವತಃ ಚಿಕಿತ್ಸೆ ಪಡೆದಿದ್ದಾರೆ, ಸಹಚರರಿಗೂ ಪಡೆಯಲು ಹೇಳಿದ್ದಾರೆ. ದುಆ ಮಾಡಿ, ಕುರ್‌ಆನ್ ಓದಿ. ಅದರ ಜೊತೆಗೆ ಮಗುವನ್ನು ವೈದ್ಯರ ಬಳಿಗೆ ಕರೆದೊಯ್ದು ಲಕ್ಷಣಗಳನ್ನು ವಿವರಿಸಿ, ಸ್ಲಿಟ್ ಲ್ಯಾಂಪಿನಲ್ಲಿ ಕಣ್ಣು ನೋಡಿಸಬೇಕೇ ಎಂದು ನೀವೇ ಕೇಳಿ. ಮಂತ್ರಿಸುತ್ತಾ, ಗದರಿಸುತ್ತಾ ತಿಂಗಳುಗಳನ್ನು ಕಳೆದರೆ ಅಷ್ಟೂ ದಿನ ತಾಮ್ರ ಮೆದುಳಿನಲ್ಲಿ ಸೇರುತ್ತಲೇ ಇರುತ್ತದೆ.